ಸ್ಟೇ ವಕೀಲರ ಮನೆಗೆ ಬಂದ ಟಿಕೆಟ್

“ಅಮ್ಮಾ, ವಕೀಲಜ್ಜ ಎಲ್ಲದಕ್ಕೂ ಯಾಕೆ ಬೇಡ ಅಂತಾರೆ?”

ಚಿನ್ನು ಕೇಳಿದ್ದು ಲಿಫ್ಟಿನೊಳಗೆ, ಅದೂ ಜೋರಾಗಿ. ವಕೀಲಜ್ಜ ಪಕ್ಕದಲ್ಲೇ ನಿಂತಿದ್ದರು. ಸಿಂಧುವಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರು ಅಪಾರ್ಟ್‌ಮೆಂಟಿನ ಸೊಸೈಟಿಗೆ ಅಧ್ಯಕ್ಷರು; ಜಾರುಬಂಡೆಗೆ ಹೊಸ ಬಣ್ಣ ಹೊಡೆಸಿ ಎಂದು ಹಿಂದಿನ ದಿನ ಮಕ್ಕಳೆಲ್ಲ ಕೇಳಲು ಹೋದಾಗ “ಹಳೇ ಬಣ್ಣಕ್ಕ ಏನಾಗೇದ?” ಎಂದು ವಾಪಸು ಕಳಿಸಿದ್ದರಂತೆ.

ಅವರು ಬೇಸರಿಸಲಿಲ್ಲ. ಮಗುವಿನ ಎತ್ತರಕ್ಕೆ ಬಗ್ಗಿ, “ಎಲ್ಲದಕ್ಕೂ ಅಲ್ಲವ್ವಾ. ನಿಮ್ಮಮ್ಮ ಮೈಸೂರುಪಾಕ ಕೊಟ್ಟಾಗ ಬ್ಯಾಡ ಅಂದೆನೇನು?” ಎಂದರು.

ಚಿನ್ನು ಯೋಚಿಸಿದಳು. “ಅದಕ್ಕೆ ಅನ್ನಲಿಲ್ಲ.”

“ನೋಡಿದೇನು ತಂಗಿ, ಸಾಕ್ಷಿ ಖರೇನ ಹೇಳ್ತದ!” ಎಂದು ಸಿಂಧುವಿನ ಕಡೆ ಕಣ್ಣು ಮಿಟುಕಿಸಿ, ಕಪ್ಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಕೋರ್ಟಿಗೆ ಹೊರಟರು.

ವಕೀಲಜ್ಜ, ಅಂದರೆ ಶಂಕ್ರೆಪ್ಪ ಹಂಜಗಿ, ಅಕ್ಕಲಕೋಟೆ ಕಡೆಯವರು. ಕಾನೂನು ಓದಲು ಪುಣೆಗೆ ಬಂದವರು ಇಲ್ಲೇ ನೆಲೆ ನಿಂತರು. ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಶಿವಾಜಿನಗರದ ಕೋರ್ಟಿನಲ್ಲಿ ಅವರನ್ನು ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಸ್ಟೇ ವಕೀಲರು’ ಎಂದರೆ ಚಹಾದಂಗಡಿಯವನೂ ಕುರ್ಚಿ ತೋರಿಸುತ್ತಾನೆ. ಪೇಟೆಯ ಹಳೆಯ ವಾಡೆ ಕೆಡವಲು ಯಾರಾದರೂ ಬಂದರೋ, ಗುಡಿಯ ಮುಂದಿನ ಹುಣಸೆಮರಕ್ಕೆ ಗರಗಸ ಇಟ್ಟರೋ, ಮರುದಿನವೇ ಶಂಕ್ರೆಪ್ಪನವರು ತಡೆಯಾಜ್ಞೆ ತಂದು ನಿಲ್ಲಿಸುತ್ತಿದ್ದರು. ಇದ್ದದ್ದು ಇದ್ದಂತೆ ಇರಲಿ ಎನ್ನುವುದು ಅವರಿಗೆ ಬರೀ ವೃತ್ತಿಯಾಗಿರಲಿಲ್ಲ, ಸ್ವಭಾವವೇ ಅದಾಗಿತ್ತು. ಬೇಸಿಗೆಯಲ್ಲೂ ಹಂಡೆಯ ನೀರೇ ಬೇಕು; ಮಿಕ್ಸಿಯ ಚಟ್ನಿ ನಾಲಿಗೆಗೆ ತಾಗುವುದಿಲ್ಲ.

ಇಂಥವರನ್ನು ಹಳೆಯದನ್ನು ಉಳಿಸುತ್ತೇವೆ ಎನ್ನುವ ಪಕ್ಷ ಬಿಟ್ಟೀತೇ? ಕರೆದು ಜೊತೆಗೆ ಕೂರಿಸಿಕೊಂಡಿತು. ಮೆರವಣಿಗೆಗೆ ಪರವಾನಗಿ, ಕಾರ್ಯಕರ್ತರಿಗೆ ಜಾಮೀನು, ಎಲ್ಲವನ್ನೂ ಇವರು ಪುಕ್ಕಟೆ ಮಾಡಿಕೊಟ್ಟರು. ಕಾರ್ಪೊರೇಷನ್ ಟಿಕೆಟ್ ಮಾತ್ರ ಒಮ್ಮೆ ಒಬ್ಬ ಬಿಲ್ಡರನಿಗೆ ಹೋಯಿತು, ಇನ್ನೊಮ್ಮೆ ಯಾರದೋ ಅಳಿಯನಿಗೆ. ಆಮೇಲೆ ಚುನಾವಣೆಯೇ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. “ನಮ್ಮವರಿಗೇ ಯಾರೋ ಸ್ಟೇ ತಂದಾರ,” ಎಂದು ಹೆಂಡತಿ ಶಿವಬಸವ್ವ ನಗುತ್ತಿದ್ದರು. ವಕೀಲರು ಮಾತ್ರ ನಗುತ್ತಿರಲಿಲ್ಲ. ಕೂದಲೆಲ್ಲ ಬೆಳ್ಳಗಾಗಿತ್ತು. ಈ ಸಲ ತಪ್ಪಿದರೆ ಮುಂದಿನ ಸಲ ತನ್ನನ್ನು ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಸಿಂಧುವಿಗೂ ಅವರಿಗೂ ಒಂದು ಹಳೆಯ ಲೆಕ್ಕ ಬಾಕಿ ಇತ್ತು. ಅವಳೂ ಗಂಡ ಅಭಿಲಾಷನೂ ಮಂಡ್ಯದ ಕಡೆಯವರು, ಇಬ್ಬರಿಗೂ ಪುಣೆಯ ಹಡಪಸರದಲ್ಲಿ ಐಟಿ ಕೆಲಸ. ಸೊಸೈಟಿಯ ಕೆಳಗಿನ ಖಾಲಿ ಹಾಲ್‌ನಲ್ಲಿ ಪಾಳಣಾಘರ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಡೇ ಕೇರ್, ತೆಗೆಯೋಣ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅನುಕೂಲ ಎಂದು ಅವಳು ಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು. ಅಧ್ಯಕ್ಷರಾಗಿದ್ದ ವಕೀಲರು, “ಕೂಸು ಮನ್ಯಾಗ ಬೆಳೀಬೇಕು,” ಎಂದು ಆರಂಭಿಸಿ, ಜನ ಊಟಕ್ಕೆ ಏಳುವವರೆಗೂ ಮಾತಾಡಿ ಆ ವಿಷಯವನ್ನು ಅಲ್ಲೇ ಮಲಗಿಸಿದ್ದರು. ಅಂದಿನಿಂದ ದಿನಾ ಸಂಜೆ ಸೋಲಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಏದುಸಿರು ಬಿಡುತ್ತಾ, ದೂರದ ಪಾಳಣಾಘರದಿಂದ ಕೊನೆಯವಳಾಗಿ ಉಳಿದ ಚಿನ್ನುವನ್ನು ಕರೆತರುವ ಪಾಡು ಸಿಂಧುವಿನದು.

ಹಾಗೆಂದು ಸಿಟ್ಟು ಸಾಧಿಸಲೂ ಆಗುತ್ತಿರಲಿಲ್ಲ. ಚಿನ್ನುವಿಗೆ ಡೆಂಗಿ ಜ್ವರ ಬಂದಿದ್ದ ವಾರದಲ್ಲೇ ಮನೆ ಮಾಲೀಕ ಗಂಟುಮೂಟೆ ಕಟ್ಟಿ ಎಂದಿದ್ದ. ಕೇಳದೆಯೇ ಬಂದು ಅವನ ಜೊತೆ ಮಾತಾಡಿ ಅವನ ಬಾಯಿ ಮುಚ್ಚಿಸಿದವರು ಇದೇ ವಕೀಲರು. ಹೋಗುವಾಗ ಮಗುವಿನ ಹಣೆ ಮುಟ್ಟಿ ನೋಡಿದ್ದರು.

ಅಂತೂ ಚುನಾವಣೆ ಬಂತು. ಟಿಕೆಟ್ ಖಾತ್ರಿ ಎಂದು ಪಕ್ಷದ ಕಾರ್ಯಕರ್ತ ದಿಗಂಬರ ಪುಣೆಯ ರೂಢಿಯಂತೆ ವಕೀಲರ ಹುಟ್ಟುಹಬ್ಬದ ನೆಪದಲ್ಲಿ ಚೌಕದಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸಿದ. ಕಪ್ಪು ಕೋಟು, ಬಿಳಿ ಪಟ್ಟಿ, ಜೋಡಿಸಿದ ಕೈ. ಕೆಳಗೆ ‘ಭಾವಿ ನಗರಸೇವಕ’, ಅಂದರೆ ನಾಳಿನ ಕಾರ್ಪೊರೇಟರ್. ಆ ಸಂಭ್ರಮ ಆರುವ ಮೊದಲೇ ಮೀಸಲಾತಿಯ ಚೀಟಿ ಎತ್ತಿದರು. ವಕೀಲರು ಕಣ್ಣಿಟ್ಟಿದ್ದ ಸ್ಥಾನ ಮಹಿಳೆಯರ ಪಾಲಾಯಿತು.

“ಚಿಂತಿ ಬಿಡ್ರಿ ಸಾಹೇಬ್ರ,” ಎಂದ ದಿಗಂಬರ. “ನಿಮ್ಮ ಮನಿಯವರನ್ನ, ವಹಿನಿಯವರನ್ನ ನಿಲ್ಲಸೋಣು. ಸಹಿ ಅವರದು, ಕಾರಭಾರ ನಿಮ್ಮದು. ಎಲ್ಲಾರೂ ಹಿಂಗ ಮಾಡ್ತಾರ.”

ವಕೀಲರು ಒಪ್ಪಿದರು. ದಿಗಂಬರ ಉಳಿತಾಯದ ಮನುಷ್ಯ. ಹೊಸ ಫ್ಲೆಕ್ಸ್ ಯಾಕೆಂದು ಹಳೆಯದರ ಮೇಲೇ ಶಿವಬಸವ್ವನವರ ಮುಖವನ್ನು ಅಂಟಿಸಿಬಿಟ್ಟ. ಮುಖ ಮಾತ್ರ. ಮರುದಿನ ಬೆಳಿಗ್ಗೆ ಚೌಕದಲ್ಲಿ ಕುಂಕುಮ, ಮೂಗುಬಟ್ಟು, ಕಪ್ಪು ಕೋಟು, ಬಿಳಿ ಪಟ್ಟಿ ಎಲ್ಲ ಕೂಡಿದ ಹೆಣ್ಣುಮಗಳು ಹಡಪಸರಕ್ಕೆಲ್ಲ ಕೈಮುಗಿದು ನಿಂತಿದ್ದಳು.

ಮೊಮ್ಮಗಳು ಶರಣ್ಯಾಳನ್ನು ಸೊಂಟಕ್ಕೇರಿಸಿಕೊಂಡು ಕಾಯಿಪಲ್ಲೆಗೆ ಹೋದ ಶಿವಬಸವ್ವ ಅದನ್ನು ನೋಡಿ ರಸ್ತೆಯಲ್ಲೇ ನಕ್ಕರು. ಅಷ್ಟರಲ್ಲಿ ಕೊತ್ತಂಬರಿ ಮಾರುವವಳು, “ವಕೀಲೀಣಬಾಯಿ, ನಮ್ಮ ಗಲ್ಲಿಗೆ ನೀರಿನ ಟ್ಯಾಂಕರೇ ಬರೋದಿಲ್ಲ,” ಎಂದು ಮರಾಠಿಯಲ್ಲಿ ದೂರು ಹೇಳಿದಳು. ಇನ್ನೊಬ್ಬಳು ಫುಟ್‌ಪಾತಿನ ಗುಂಡಿ ತೋರಿಸಿದಳು. ಶಿವಬಸವ್ವ ಮನೆಗೆ ಬಂದಾಗ ಚೀಲದಲ್ಲಿ ಕೊತ್ತಂಬರಿ ಇರಲಿಲ್ಲ, ತಲೆಯ ತುಂಬ ಓಣಿಯ ತಾಪತ್ರಯಗಳಿದ್ದವು.

ಉಪ್ಪಿನಕಾಯಿ ಕೊಡಲು ಹೋಗಿದ್ದ ಸಿಂಧು ಆಗ ಅಲ್ಲೇ ಇದ್ದಳು.

“ನಾನು ನಿಲ್ಲತೀನ್ರಿ,” ಎಂದರು ಶಿವಬಸವ್ವ ಗಂಡನಿಗೆ. “ಆದ್ರ ಕೋಟು ನೀವಽ ನನಗ ಹಾಕೀರಿ. ಕೋಟು ಹಾಕಿದಾಕಿನ ಮಾತಾಡ್ತಾಳ. ನೀವು ಬರದು ಕೊಟ್ಟಿದ್ದು ನಾ ಓದಂಗಿಲ್ಲ.”

“ಆಯ್ತು, ಮಾತಾಡು.”

“ಮುಂಜಾನೆಯಿಂದ ಸಂಜಿತನಕ ಮನಿ ಮನಿ ತಿರಗಬೇಕು. ಮಗಾ, ಸೊಸಿ ಆಫೀಸಿಗೆ ಹೋಗ್ತಾರ. ಈ ಕೂಸನ್ನ ಯಾರು ನೋಡಾವ್ರು?”

ಸಿಂಧು ನೆಲ ನೋಡುತ್ತಾ, ಆದರೆ ಕೇಳಿಸುವಂತೆಯೇ, “ಕೆಳಗಿನ ಹಾಲ್ ಖಾಲಿ ಇದೆಯಲ್ಲ ಆಂಟಿ,” ಎಂದಳು.

ಶಿವಬಸವ್ವ ನಗು ತಡೆಯಲು ಸೆರಗು ಬಾಯಿಗೆ ಹಿಡಿದರು. ವಕೀಲರ ಕಿವಿ ಕೆಂಪಾದವು. “ಕೂಸು ಮನ್ಯಾಗ ಬೆಳೀಬೇಕು ಅಂತ ನಾಕು ಮಂದಿ ಮುಂದ ಹೇಳೀನಿ ತಂಗಿ. ಎಲೆಕ್ಷನ್ ಬಂತು ಅಂತ ಹೇಳಿಕಿ ಬದಲ ಮಾಡಾಂವ ಅಲ್ಲ ನಾ.”

“ಹಂಗಾರ ನಾನೂ ಮನ್ಯಾಗ ಇರ್ತೀನಿ,” ಎಂದರು ಶಿವಬಸವ್ವ. “ಟಿಕೆಟ್ ದಿಗಂಬರನ ಹೇಣ್ತಿಗೆ ಕೊಡ್ರಿ. ನಾಳೆ ಅರ್ಜಿ ತುಂಬೂ ಕಡೀ ದಿವಸ ಅಲ್ಲೇನು?”

ಆ ಸಂಜೆ ವಕೀಲರು ಜಾರುಬಂಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಚಿನ್ನುವನ್ನು ಕರೆತರುತ್ತಿದ್ದ ಸಿಂಧುವಿಗೆ ಅಯ್ಯೋ ಅನಿಸಿತು. ಇಷ್ಟು ವರ್ಷ ಕಾದ ಕುರ್ಚಿ ಬಾಗಿಲಿಗೆ ಬಂದು ನಿಂತಿದೆ. ಅಡ್ಡ ಮಲಗಿರುವುದು ಅವರದೇ ಮಾತು. ಹಾಲ್ ತೆರೆದರೆ ಎಲ್ಲವೂ ಸಲೀಸು. ಆದರೆ ಹಾಗೆ ತೆರೆದರೆ ಅವರು ಶಂಕ್ರೆಪ್ಪನವರೇ ಅಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಡಬ್ಬಿ ಕಟ್ಟುತ್ತಿರುವಾಗ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ವಕೀಲರು. ಕೋಟಿಲ್ಲ, ಬನಿಯನ್, ಪಂಚೆ, ಹೆಗಲ ಮೇಲೆ ಮೆತ್ತಿದ ಅನ್ನ. ಕಂಕುಳಲ್ಲಿ ಶರಣ್ಯಾ ಗಂಟಲು ಹರಿಯುವಂತೆ ಅಳುತ್ತಿದ್ದಳು. ಕೆಳಗೆ ಜೀಪಿನ ಹಾರ್ನು. ಶಿವಬಸವ್ವ ಅರ್ಜಿ ಕೊಡಲು ಹೊರಟಿದ್ದರು.

“ಕೋರ್ಟು, ಅಂಕಲ್?” ಎಂದಳು ಸಿಂಧು.

“ತಾರೀಖ ಮುಂದಕ ಹಾಕಿಸೀನಿ. ಕೂಸು ಮನ್ಯಾಗ ಬೆಳೀಬೇಕು ಅಂದಾಂವ ನಾನು. ಮನ್ಯಾಗ ಉಳದಾಂವನೂ ನಾನಽ.”

ಒಳಗಿನಿಂದ ಚಿನ್ನು ಓಡಿಬಂದು ಶರಣ್ಯಾಳಿಗೆ ನಾಲಿಗೆ ಚಾಚಿದಳು. ಅಳು ಗಕ್ಕನೆ ನಿಂತಿತು. ವಕೀಲರು ಇಬ್ಬರನ್ನೂ ಬೆರಗಾಗಿ ನೋಡಿದರು.

“ತಂಗಿ, ಒಂದು ಉಪಕಾರ ಮಾಡ್ತೀಯೇನು?” ಎಂದರು, ತಗ್ಗಿದ ದನಿಯಲ್ಲಿ. “ಮೊದಲ ಇಕೀಗೆ ಉಣಸೂದು ಹೆಂಗ ಅಂತ ತೋರಸು. ಆಮ್ಯಾಲ, ಸಾಲಿ ಬಿಟ್ಟ ಮ್ಯಾಲ ಚಿನ್ನೂನ್ನ ಅಲ್ಲೆಲ್ಲೋ ದೂರ ಬಿಡಬ್ಯಾಡ, ದಿನಾ ನಮ್ಮಲ್ಲೇ ಕಳಸು. ಇಕೀಗೆ ಜೋಡಿ ಬೇಕು. ಆದ್ರ ಸೊಸೈಟಿಯಾಗ ಯಾರರ ಕೇಳಿದ್ರ ಪಾಳಣಾಘರ ಅನಬ್ಯಾಡವ್ವಾ, ಅಜ್ಜನ ಮನಿ ಅನು.”