ಐಸ್ ಪ್ಯಾಕಿಗೆ ಕಿವಿಗೊಡುವ ಪೆಟ್ಟಿಗೆ ಅಕ್ಕ

ಬೆಳಗಿನ ಐದೂಕಾಲು. ಅಡುಗೆಮನೆಯ ಮೂಲೆಯಲ್ಲಿ ಬೀರುವಿನಂತೆ ನೆಟ್ಟಗೆ ನಿಂತ ಬಿಳಿ ಫ್ರೀಜರಿನಿಂದ ಹೆಂಗಸೊಬ್ಬರು ಅಂಗೈಯಗಲದ ಐಸ್ ಪ್ಯಾಕುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಾರೆ. ಅರ್ಧ ಗಂಟೆಗೆ ಪ್ಯಾಕುಗಳು ಬೆವರುತ್ತವೆ. ಆಗ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಲಸಿಕೆಯ ಪೆಟ್ಟಿಗೆಗೆ, ಇಲ್ಲದಿದ್ದರೆ ಮತ್ತೆ ಮೇಜಿಗೆ. ಆ ಹೊತ್ತಿನಲ್ಲಿ ಒಲೆಯ ಮೇಲೆ ಚಹಾ ಉಕ್ಕಿದರೂ ಅವರಿಗೆ ಗೊತ್ತಾಗುವುದಿಲ್ಲ.

“ಎಲ್ರೂ ಬಿಸಿಗೆ ಹೆದರ್ತಾರೆ. ಲಸಿಕೆ ಬಿಸಿಗೂ ಕೆಡುತ್ತೆ, ಹೆಪ್ಪುಗಟ್ಟಿದ್ರೂ ಕೆಡುತ್ತೆ. ಪಕ್ಕದಲ್ಲಿಡೋ ಪ್ಯಾಕು ಸ್ವಲ್ಪ ಕರಗಿರ್ಬೇಕು, ಪೂರ್ತಿ ಕರಗಿರ್ಬಾರ್ದು, ನಮ್ಮನೆಯವರ ಕೋಪದ ಹಾಗೆ” ಎಂದು ನಗುತ್ತಾರೆ.

ಊರಿನ ಐದು ಆರೋಗ್ಯ ಕೇಂದ್ರಗಳಿಗೆ ಮಕ್ಕಳ ಲಸಿಕೆ ತಲುಪಿಸುವುದು ಇವರ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಎಲ್ಲರ ಬಾಯಲ್ಲೂ ಇವರು ‘ಪೆಟ್ಟಿಗೆ ಅಕ್ಕ’. ಏಳಕ್ಕೆ ಆಸ್ಪತ್ರೆಯಲ್ಲಿ ಲಸಿಕೆ ತುಂಬಿಸಿಕೊಂಡು ಸ್ಕೂಟರ್ ಹತ್ತಿದರೆ, ಒಂಬತ್ತರೊಳಗೆ ಐದೂ ಪೆಟ್ಟಿಗೆ ಐದು ಕಡೆ ಇಳಿದಿರಬೇಕು. ಪೆಟ್ಟಿಗೆಗೆ ನಾಲ್ಕರಂತೆ ಇಪ್ಪತ್ತು ಪ್ಯಾಕು, ಮೇಲೆ ನಾಲ್ಕು ಹೆಚ್ಚಿಗೆ.

ಆರು ವರ್ಷದ ಹಿಂದೆ ಆಸ್ಪತ್ರೆಯ ಐಸ್ ಫ್ರೀಜರ್ ಕೈಕೊಟ್ಟಿತು. ಹೊಸದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ತಿಂಗಳುಗಳು ಉರುಳಿದವು. ಅಷ್ಟು ಕಾಲ ಅಕ್ಕ ಎದುರುಮನೆಯ ಫ್ರಿಜ್ಜಿನಲ್ಲಿ ನಾಲ್ಕು ಪ್ಯಾಕು, ಹಿಂದಿನ ಮನೆಯಲ್ಲಿ ಆರು ಎಂದು ಬೀದಿಯಲ್ಲಿ ಯಾರನ್ನೂ ಬಿಡದೆ ಕಾಡಿದರು. ಕೊನೆಗೆ ತಾವೇ ಕೂಡಿಟ್ಟ ಹಣದಲ್ಲಿ ಫ್ರೀಜರ್ ಕೊಳ್ಳಲು ಹೊರಟರು.

ಅಂಗಡಿಯವನು ಎಷ್ಟು ಐಸ್‌ಕ್ರೀಮ್ ಹಿಡಿಸುತ್ತದೆಂದು ಹೊಗಳುತ್ತಿದ್ದರೆ, ಇವರು ಚೀಲದಿಂದ ಐಸ್ ಪ್ಯಾಕ್ ತೆಗೆದು ಒಳಗಿನ ಒಂದೊಂದು ಅರೆಯಲ್ಲೂ ಇಟ್ಟು ನೋಡಿದರಂತೆ. ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆದರು. ಕಾಗದ ಸಲೀಸಾಗಿ ಈಚೆ ಬಂದ ಎರಡು ಫ್ರೀಜರುಗಳನ್ನು ಅಲ್ಲೇ ಬಿಟ್ಟರು. “ಮಲಗಿಸಿಟ್ಟ ಪೆಟ್ಟಿಗೆ ಥರದ್ದು ತಣ್ಣಗೆ ಹಿಡಿದಿಡೋದ್ರಲ್ಲಿ ಮೇಲು, ಒಪ್ತೀನಿ. ಆದ್ರೆ ದಿನಾ ಬಗ್ಗಿ ತಳದಿಂದ ಎತ್ತೋಕೆ ಸೊಂಟ ಬೇಡ್ವಾ? ನಿಂತಿರೋದ್ರಲ್ಲಿ ಎಲ್ಲಾ ಕಣ್ಣೆದುರಿಗೇ ಇರುತ್ತೆ. ಬಾಗಿಲು ತೆಗೆದ್ರೆ ತಣ್ಣಗಿನ ಗಾಳಿ ಬೇಗ ಹೊರಗೆ ಹೋಗುತ್ತೆ, ಅದೊಂದೇ ಕೊರತೆ.”

ಆ ಕೊರತೆ ಏನೆಂದು ಕಳೆದ ತಿಂಗಳು ಚೆನ್ನಾಗಿಯೇ ಅರ್ಥವಾಯಿತು. ಗಾರೆ ಕೆಲಸದ ಪತಿ ಅಡುಗೆಮನೆಗೆ ಹೊಸ ನೆಲ ಹಾಸಿ, ಫ್ರೀಜರಿನ ತಲೆಯ ಮೇಲೆ ರಸಮಟ್ಟವಿಟ್ಟು, ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೆ ಕಾಲುಗಳನ್ನು ತಿರುಗಿಸಿ ಬೀಗಿದ್ದರು. ಇಷ್ಟು ವರ್ಷ ಬಾಗಿಲು ತಾನಾಗಿ ಹಿಂದಕ್ಕೆ ಬಂದು ಮುಚ್ಚಿಕೊಳ್ಳುತ್ತಿದ್ದುದು ಹಳೆಯ ನೆಲದ ಓರೆಯಿಂದ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಎಂದಿನಂತೆ ಮೊಣಕೈಯಲ್ಲಿ ತಳ್ಳಿ ಮಲಗಿದರು. ಬೆಳಿಗ್ಗೆ ನೋಡಿದರೆ ಬಾಗಿಲು ಬೆರಳಗಲ ತೆರೆದಿದೆ, ನೆಲದ ತುಂಬ ನೀರು.

“ನನ್ನ ಜೀವ ಬಾಯಿಗೆ ಬಂತು” ಎನ್ನುತ್ತಾರೆ. ಮೇಲಿನ ಅರೆಗಳ ಎಂಟು ಪ್ಯಾಕು ಬರೀ ನೀರು. ಕೆಳಗಿನ ಹದಿನಾರು ಮಾತ್ರ ಗಟ್ಟಿಯಾಗಿದ್ದವು. ಅಂದರೆ ನಾಲ್ಕೇ ಪೆಟ್ಟಿಗೆ. ಐದನೆಯ ಕೇಂದ್ರದ ತಾಯಂದಿರನ್ನು ನಾಲ್ಕನೆಯದಕ್ಕೆ ಕಳಿಸುವಂತೆ ಅಲ್ಲಿನ ನರ್ಸ್‌ಗೆ ಫೋನ್ ಮಾಡಿದರು.

ಅಷ್ಟರಲ್ಲಿ ಪತಿ ಫ್ರೀಜರಿನ ಮುಂಗಾಲುಗಳಡಿ ಟೈಲ್ಸ್ ಚೂರು ಕೊಟ್ಟು ಎತ್ತರಿಸಿದರು. ಬಾಗಿಲು ಮೆಲ್ಲಗೆ ಬಂದು ಮುಚ್ಚಿಕೊಂಡಿತು. “ಮೂವತ್ತು ವರ್ಷದಲ್ಲಿ ಮಟ್ಟ ಸರಿಯಾಗಿದ್ದಕ್ಕೆ ಬೈಸ್ಕೊಂಡಿದ್ದು ಅವತ್ತೇ ಮೊದಲು ಕಣ್ರೀ” ಎಂದು ಅವರು ಈಗ ನಗುತ್ತಾರೆ.

ನಾಲ್ಕನೆಯ ಕೇಂದ್ರದಲ್ಲಿ ಅಂದು ಸಾಲು ಎರಡರಷ್ಟು. ಹನ್ನೆರಡಕ್ಕೆ ಮುಗಿಯಬೇಕಾದದ್ದು ಮುಗಿಯಲಿಲ್ಲ. ಅಲ್ಲೇ ಕುಳಿತ ಅಕ್ಕ ಪೆಟ್ಟಿಗೆ ತೆರೆದಾಗಲೆಲ್ಲ “ಬೇಗ ಮುಚ್ಚಿ” ಎನ್ನುತ್ತಿದ್ದರು. ಮನೆಗೆ ಹೋಗಿ ಎಂದು ನರ್ಸ್ ಹೇಳಿದರೂ ಏಳಲಿಲ್ಲ. ಕೆಟ್ಟರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಕೇಳಿದರೆ ಅವರ ಮುಖ ಗಂಭೀರವಾಗುತ್ತದೆ.

“ಅದೇ ಕಷ್ಟ. ಕೆಟ್ಟಿದ್ದೂ ಒಳ್ಳೇದರ ಹಾಗೇ ಕಾಣಿಸ್ಬಹುದು. ಮಗು ಚುಚ್ಚಿಸ್ಕೊಂಡು ಅಳುತ್ತೆ, ತಾಯಿ ನಿಶ್ಚಿಂತೆಯಿಂದ ಮನೆಗೆ ಹೋಗ್ತಾಳೆ. ಆಮೇಲೆ ಯಾವತ್ತೋ ರೋಗ ಬಂದ್ರೆ? ಅಂಥ ಪೆಟ್ಟಿಗೆ ನನ್ನ ಕೈಯಿಂದ ಹೋಗ್ಬಾರ್ದು.”

ಎರಡರಿಂದ ಎಂಟು ಡಿಗ್ರಿಯೊಳಗಿದ್ದರೆ ಲಸಿಕೆ ಕ್ಷೇಮ. ಒಂದೂವರೆಗೆ ಕೊನೆಯ ಮಗುವಿನ ಸರದಿ. ನರ್ಸ್ ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ಎತ್ತಿ, ಕನ್ನಡಕ ಸರಿಮಾಡಿಕೊಂಡು ಓದಿದರು: “ಐದು.”

ಮಿಕ್ಕ ಮೂರು ಕೇಂದ್ರಗಳಿಂದ ಆಗಲೇ ಒಳ್ಳೆಯ ಸುದ್ದಿ ಬಂದಿತ್ತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಆಗ ನೆನಪಾಯಿತು. ಸೂಜಿ ತಾಗಿದ್ದೇ ತಡ ಮಗು ಸೂರು ಹಾರಿಹೋಗುವಂತೆ ಕಿರುಚಿತು. ತಾಯಿ ಸಂಕೋಚದಿಂದ ಅದರ ಬಾಯಿ ಮುಚ್ಚಲು ಹೋದರೆ, ಅಕ್ಕ ಆಕೆಯ ಕೈ ತಡೆದರು.

“ಅಳ್ಲಿ ಬಿಡಮ್ಮ. ಈ ಅಳು ದಂಡ ಆಗಲ್ಲ.”