ಹೊಳೆಯುವ ನೆಲದ ಸಾಕ್ಷಿ

ಒರೆಸಿದ ನೆಲವನ್ನು ತಾನೇ ತುಳಿಯದಂತೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಅವಳು ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ ಬರುತ್ತಿದ್ದಾಳೆ. ಹೊರಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಂದಷ್ಟು ಸಲ ಒರೆಸುವ ಕೋಲು ಎಳೆದರೆ ಒಮ್ಮೆ ನಿಲ್ಲಬೇಕು. ನಿಂತಾಗ ಕೋಲಿನ ತುದಿಗೆ ಗಲ್ಲ ಊರಿ, ಬಾಯಿ ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾಳೆ. ದೂರದಿಂದ ಕಂಡವರಿಗೆ ಏನೋ ಯೋಚಿಸುತ್ತಿದ್ದಾಳೆ ಅನ್ನಿಸಬೇಕು, ಹಾಗೆ. ಆದರೆ ನೋಡುವವರು ಯಾರೂ ಇಲ್ಲ. ಅವಳು ಇಷ್ಟು ಬೇಗ ಬರುವುದೇ ಅದಕ್ಕೆ.

ಈ ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗೂ ಅವಳು ಒದ್ದೆಯಕ್ಕ. "ಒದ್ದೆ ಇದೆ, ನೋಡ್ಕೊಂಡು ಬನ್ನಿ" ಎಂದು ವರ್ಷಗಟ್ಟಲೆ ಕೂಗಿದ್ದಕ್ಕೆ ಸಿಕ್ಕ ಬಿರುದು. ಕೆಲಸ ಮಾಡಲಾಗದವರಿಗೆ ಮಾಸಾಶನ ಕೊಡುವ ಕಚೇರಿ ಇದು. ಕುಂಟುತ್ತ ಬರುವವರು, ತಡಕಾಡುತ್ತ ಬರುವವರು, ಹೆತ್ತವರ ಹೆಗಲ ಮೇಲೆ ಬರುವವರು, ಎಲ್ಲರೂ ಕಾದು ಕೂರುವುದು ಅವಳು ಒರೆಸಿದ ಈ ಹಜಾರದಲ್ಲೇ. ಒಂದು ದಿನ ತಾನೂ ಆ ಬೆಂಚಿನ ಮೇಲೆ ಕೂರಬೇಕಾದೀತು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಬಿಡದ ಕೆಮ್ಮಿಗೆಂದು ಆಸ್ಪತ್ರೆಗೆ ಹೋದವಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದರು. ಡಾಕ್ಟರಿಂದ ಹಿಡಿದು ಪಕ್ಕದ ಮನೆಯವಳವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಸೇದ್ತಿದ್ರಾ?" ಸೇದುವ ಯಜಮಾನರು ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ. "ಉಪ್ಪು ತಿಂದೋರು ನೀರು ಕುಡೀಬೇಕಂತೆ. ನಮ್ಮನೇಲಿ ಉಪ್ಪು ತಿಂದೋರು ಅವರು, ನೀರು ಕುಡೀತಿರೋಳು ನಾನು. ಇದ್ಯಾವ ಲೆಕ್ಕ?" ಎಂದು ಅವಳು ನಗುತ್ತಾಳೆ. ನಗು ಅರ್ಧಕ್ಕೇ ಕೆಮ್ಮಾಗುತ್ತದೆ.

ಔಷಧಿ, ಓಡಾಟ, ಸುಸ್ತು. ಮಾಸಾಶನಕ್ಕೆ ಅರ್ಜಿ ಹಾಕು ಎಂದು ಹೇಳಿದವಳು ಹೊಲಿಗೆ ಅಂಗಡಿಯಲ್ಲಿ ದುಡಿಯುವ ಮಗಳು. ಗೊಂದಲ ಅಲ್ಲಿಂದಲೇ ಶುರು. ಕಟ್ಟಡದ ಮೂಲೆ ಮೂಲೆಯೂ ಅವಳಿಗೆ ಗೊತ್ತು, ಆದರೆ ಕೋಣೆಗಳ ಗುರುತು ಅವಳಿಗಿರುವುದು ಕಸದಿಂದ: ಗುಂಡುಪಿನ್ನಿನ ಕೋಣೆ, ಚಹಾ ಕಲೆಯ ಕೋಣೆ, ಉಗುರು ಕತ್ತರಿಸಿ ಹಾಕುವವರ ಕೋಣೆ. "ಅರ್ಹತಾ ವಿಭಾಗಕ್ಕೆ ಹೋಗಿ" ಎಂದರೆ ಎಲ್ಲಿಗೆ ಹೋಗುವುದು?

"ಅಲ್ಲಿ ನೆಲದ ಮೇಲೆ ಏನು ಬಿದ್ದಿರುತ್ತೆ ಹೇಳಿ ಮೇಡಂ, ಗೊತ್ತಾಗುತ್ತೆ" ಎಂದು ಕಿಟಕಿಯಾಚೆಯ ಗುಮಾಸ್ತೆಯನ್ನು ಕೇಳಿಯೇಬಿಟ್ಟಳು. ಸಾಲಿನಲ್ಲಿದ್ದವರು ಗೊಳ್ಳೆಂದರು. ಗುಮಾಸ್ತೆಯೇ ಎದ್ದು ಬಂದು ಕೈ ಹಿಡಿದು ಕರೆದೊಯ್ದಳು. ಅದು ಉಗುರಿನ ಕೋಣೆ.

ಪರಿಶೀಲನೆಯ ದಿನ ಇನ್ನೂ ಚೆಂದ. ಅರ್ಜಿದಾರರನ್ನು ಪರೀಕ್ಷಿಸುವ ಕಚೇರಿಯ ಡಾಕ್ಟರು ಬಾಗಿಲಿಗೆ ಬಂದು ಹೆಸರು ಕೂಗಿದಾಗ ಅವಳು ಬೆಂಚಿನ ಮೇಲಿರಲಿಲ್ಲ, ಬೆಂಚಿನ ಕೆಳಗಿದ್ದಳು. ಯಾರದೋ ಮಗು ಹಾಲು ಚೆಲ್ಲಿತ್ತು. ಚೆಲ್ಲಿದ್ದು ಕಂಡರೆ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಮೊಣಕಾಲೂರಿ ಒರೆಸುತ್ತಿದ್ದವಳು ಅಲ್ಲಿಂದಲೇ "ಬಂದೆ ಸಾರ್, ಒದ್ದೆ ಇದೆ, ನೋಡ್ಕೊಂಡು" ಎಂದಳು. ಹೇಗಿದ್ದೀರಿ ಎಂದು ಅವರು ಕೇಳಿದ್ದಕ್ಕೆ, ದೊಡ್ಡವರು ಕೇಳಿದಾಗ ಹೇಳುವಂತೆ, "ಚೆನ್ನಾಗಿದ್ದೀನಿ ಸಾರ್" ಎಂದಳು.

ಉತ್ತರ ಬಂತು. ಅರ್ಜಿದಾರರು ತಮ್ಮ ಕೆಲಸವನ್ನು ಸಮರ್ಪಕವಾಗಿ ನಿರ್ವಹಿಸುತ್ತಿದ್ದಾರೆ, ಆದ್ದರಿಂದ ಅರ್ಜಿ ತಿರಸ್ಕೃತ. "ಸಮರ್ಪಕ ಅಂದ್ರೆ ಏನೇ?" ಎಂದು ಮಗಳನ್ನು ಕೇಳಿದಳು.

"ಚೆನ್ನಾಗಿ ಅಂತಮ್ಮ."

"ಇಷ್ಟು ವರ್ಷದಲ್ಲಿ ಯಾರೂ ಹಾಗಂದಿರ್ಲಿಲ್ಲ. ಮೊದಲ್ನೇ ಸಲ ಬರೆದು ಕೊಟ್ರು, ಅದೂ ಹೀಗೆ. ಖುಷಿ ಪಡ್ಬೇಕೋ ಅಳ್ಬೇಕೋ ತಿಳೀಲಿಲ್ಲ" ಎನ್ನುತ್ತಾಳೆ.

ಮತ್ತೆ ಅರ್ಜಿ ಹಾಕಿದ್ದಾಯಿತು. ಆಸ್ಪತ್ರೆಯ ಕಾಗದ ಒಂದು ಮಾತು ಹೇಳಿದರೆ ಹಜಾರದ ನೆಲ ಇನ್ನೊಂದು ಹೇಳುತ್ತದೆ. ಗುಮಾಸ್ತೆ ಒಳ್ಳೆಯವಳೇ, ಆದರೂ ಅವಳಿಗೂ ತಲೆಬುಡ ತಿಳಿಯದು. "ನೆಲ ಕನ್ನಡಿ ಹಾಗೆ ಹೊಳೀತಿದೆ ಅಕ್ಕ. ನಾನು ನಂಬ್ತೀನಿ, ಒಳಗಿನೋರು ನಂಬಬೇಕಲ್ಲ?"

"ಹಾಗಾದ್ರೆ ಕೆಲಸ ಬಿಟ್ಟುಬಿಡ್ಲಾ?"

"ಅಯ್ಯೋ, ಬೇಡ! ಸ್ವಂತ ಇಚ್ಛೆಯಿಂದ ಬಿಟ್ರು ಅಂತ ಬರೀತಾರೆ."

"ಮಾಡಿದ್ರೆ ಮಾಡೋಕಾಗುತ್ತೆ ಅಂತೀರಿ, ಬಿಟ್ರೆ ನಿನ್ನಿಷ್ಟ ಅಂತೀರಿ. ನಡುವೆ ನಿಲ್ಲೋಕೆ ಜಾಗ ಎಲ್ಲಿದೆ ಮೇಡಂ?"

ಮನೆಗೆ ಬಂದರೆ ಮಗಳದು ಬೇರೆಯೇ ಉಪಾಯ. "ಈ ಸಲ ಡಾಕ್ಟರ ಬಾಗಿಲಲ್ಲೇ ಕೆಮ್ಮು ಶುರು ಮಾಡಮ್ಮ."

"ಕೆಮ್ಮು ನನ್ನ ಮಾತು ಕೇಳುತ್ತೇನೇ? ಬೇಡ ಅಂದಾಗ ಬರುತ್ತೆ. ಬಾ ಅಂದ್ರೆ ನಿಮ್ಮಪ್ಪನ ಹಾಗೆ ತಲೆ ಮರೆಸ್ಕೊಳ್ಳುತ್ತೆ."

ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿದೆ. ಹಿಂದೆ ಬಿಸಿಲೇರುವ ಮೊದಲು ಒಂದೇ ಉಸಿರಿಗೆ ಮುಗಿಯುತ್ತಿದ್ದ ಈ ಹಜಾರ ಈಗ ಮೂರು ಕಂತಿನ ಕೆಲಸ. ನಡುನಡುವೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾಳೆ, ಎದೆಯೊಳಗಿನ ಸೀಟಿ ನಿಂತ ಮೇಲೆ ಎದ್ದು ಬರುತ್ತಾಳೆ. ದಿನ ಕಳೆದಂತೆ ಬರುವ ಹೊತ್ತು ಹಿಂದೆ ಹಿಂದೆ ಸರಿದಿದೆ. "ಈಗೀಗ ಕೋಳಿನ ಎಬ್ಬಿಸೋದೂ ನೀವೇನಾ ಅಕ್ಕ?" ಎಂದು ಗೇಟು ತೆಗೆಯುವಾಗ ಕಾವಲುಗಾರ ರೇಗಿಸುತ್ತಾನೆ. ಅವನು ಗೇಟಿನಲ್ಲೇ ಉಳಿಯುತ್ತಾನೆ, ಮೆಟ್ಟಿಲು ಅವನಿಗೆ ಕಾಣುವುದಿಲ್ಲ. ನೌಕರರು ಬರುವ ಹೊತ್ತಿಗೆ ನೆಲ ಒಣಗಿ ಹೊಳೆಯುತ್ತಿರುತ್ತದೆ. ಕಷ್ಟವನ್ನು ಒರೆಸಿ ಹಾಕಿದ್ದೂ ಅವಳೇ, ಕಷ್ಟವೇ ಇಲ್ಲ ಎನ್ನಿಸಿಕೊಂಡದ್ದೂ ಅವಳೇ.

ಇವತ್ತು ಎರಡನೇ ಪರಿಶೀಲನೆ. ಡಾಕ್ಟರು ಒಳಗೆ ಹೋಗಲು ಇದೇ ಹಜಾರವನ್ನು ದಾಟಬೇಕು. ಏನು ಹೇಳಲಿ, ಹೇಗೆ ನಿಲ್ಲಲಿ, ಬಾಗಿ ನಡೆದರೆ ನಾಟಕ ಅಂದುಕೊಳ್ಳುತ್ತಾರೋ, ನೆಟ್ಟಗೆ ನಡೆದರೆ ಗಟ್ಟಿ ಇದ್ದಾಳೆ ಅನ್ನುತ್ತಾರೋ? ರಾತ್ರಿಯಿಡೀ ಅವಳ ತಲೆ ಕಲಸುಮೇಲೋಗರವಾಗಿತ್ತು. ಈಗಲೂ ಹಾಗೇ ಇದೆ.

ಹಜಾರದ ನಡುಮಧ್ಯಕ್ಕೆ ಬರುವಾಗ ಉಸಿರು ಮುಗಿಯುತ್ತದೆ. ಕೋಲಿಗೆ ಗಲ್ಲ ಊರುತ್ತಾಳೆ. ಕಿಟಕಿಯ ಕಡೆಯ ಅರ್ಧ ಮಿನುಗುತ್ತಿದೆ. ಬಾಗಿಲ ಕಡೆಯ ಅರ್ಧದಲ್ಲಿ ನಿನ್ನೆಯ ಚಪ್ಪಲಿ ಗುರುತುಗಳು, ಚಾಕೊಲೇಟಿನ ಕಾಗದ, ಊರುಗೋಲು ಎಳೆದ ಗೀರು ಇವೆ. ಎರಡರ ನಡುವೆ ಒದ್ದೆಯ ಒಂದು ಗೆರೆ, ಅವಳ ಕಾಲ್ಬೆರಳ ಮುಂದೆಯೇ. ಮೆಟ್ಟಿಲಿಗೆ ಹೋಗಿ ಕೂರುವ ಹೊತ್ತು. ಅವಳು ಹೋಗುವುದಿಲ್ಲ. ಆ ಗೆರೆಯನ್ನೇ ನೋಡುತ್ತ ನಿಲ್ಲುತ್ತಾಳೆ. ಉಸಿರು ಎಲ್ಲಿಗೆ ಮುಗಿಯಿತೆಂದು ಡಾಕ್ಟರಿಗೆ ಬೇಕಾದರೆ ಇದೇ ಹೇಳಲಿ. ಅವಳನ್ನು ಕೆಲಸಕ್ಕಿಟ್ಟ ಗುತ್ತಿಗೆದಾರನ ಮೇಸ್ತ್ರಿ ಕಂಡರೆ ಕೂಗಾಡುತ್ತಾನೆ, ಕೆಲಸ ಬಿಡಿಸಿ ಕಳಿಸಿದರೂ ಕಳಿಸಿಯಾನು. ಬಗ್ಗಿ ಬಟ್ಟೆಯನ್ನು ಬಕೆಟ್ಟಿಗೆ ಹಾಕುತ್ತಾಳೆ, ಕೋಲನ್ನು ಗೋಡೆಗೆ ಒರಗಿಸುತ್ತಾಳೆ.

ಗೇಟಿನ ಕಡೆಯಿಂದ ಕಾವಲುಗಾರ ಕೂಗುತ್ತಾನೆ. "ಮುಗೀತಾ ಅಕ್ಕ? ದೀಪ ಆರಿಸ್ಲಾ?"

"ಬೇಡ, ಉರೀಲಿ ಬಿಡಪ್ಪ" ಎನ್ನುತ್ತಾಳೆ ಒದ್ದೆಯಕ್ಕ. "ನನ್ನದು ಮುಗೀತು."