ಹಡಗಿನ ಮೇಲೆ ಕಟ್ಟಿದ ನೆರಳು

ನಮ್ಮಮ್ಮನ ತಂಗಿ ಚಂದ್ರಾ ಚಿಕ್ಕಮ್ಮ ಎತ್ತರದ ಹೆಂಗಸಲ್ಲ. ಆದರೂ ಕರುಮತ್ತಂಪಟ್ಟಿಯ ಬೀದಿಯಲ್ಲಿ ಅವಳು ನಡೆದು ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ನೆಟ್ಟಗಿನ ಕತ್ತು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಗೂದಲಿನಲ್ಲಿ ಎಲ್ಲೋ ಅಂಟಿಕೊಂಡ ಹತ್ತಿಯ ಎಳೆ. ಕೈಮಗ್ಗದ ಮನೆಗೆ ಸೊಸೆಯಾಗಿ ಬಂದವಳು ಅವಳು. ಮುಂದೆ ಕರೆಂಟಿನ ಮಗ್ಗಗಳು ಬಂದು ಬೀದಿಯೆಲ್ಲ ಅದುರತೊಡಗಿದಾಗ, ಆ ಸದ್ದಿನ ನಡುವೆ ಯಾವ ಮಗ್ಗದಲ್ಲಿ ಎಳೆ ಕಡಿದಿದೆಯೆಂದು ಕಿವಿಯಲ್ಲೇ ತಿಳಿಯುವುದನ್ನು ಗಂಡ ಜಯರಾಮನ್ ಅವಳಿಗೆ ಕಲಿಸಿದ.

ಆ ಜಯರಾಮನ್ ಚಿಕ್ಕಪ್ಪ ಜ್ವರದಲ್ಲಿ ತೀರಿಕೊಂಡಾಗ ಅವರ ಮಗಳು ಮಲ್ಲಿಗಾ ಇನ್ನೂ ಲಂಗದ ಹುಡುಗಿ. ಕರ್ಮಗಳು ಮುಗಿದದ್ದೇ ತಡ, ಮನೆಯಲ್ಲಿ ಮಗ್ಗಗಳ ಮಾತು ಎದ್ದಿತು. ಚಿಕ್ಕಪ್ಪನ ತಮ್ಮ ದಂಡಪಾಣಿ, ಅವುಗಳನ್ನು ತನ್ನ ಷೆಡ್ಡಿಗೆ ಸಾಗಿಸಿ ತಾನೇ ನಡೆಸುತ್ತೇನೆ, ಅತ್ತಿಗೆ ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದ. ಅವನು ಕೆಟ್ಟವನಲ್ಲ. ಹೆಂಗಸು ವ್ಯಾಪಾರಿಗಳ ಎದುರು ನಿಂತು ಮಾತಾಡಲಾರಳು ಎಂದು ನಿಜವಾಗಿಯೂ ನಂಬಿದ್ದ, ಅಷ್ಟೆ. ಚಿಕ್ಕಮ್ಮ ಮಾತ್ರ ಮಗ್ಗ ಇದ್ದಲ್ಲೇ ಇರಲಿ, ನಾನೇ ನಡೆಸುತ್ತೇನೆ ಎಂದಳು. ತೀರ್ಮಾನ ಹೇಳಬೇಕಾದವಳು ಅತ್ತೆ ಕಾಮಾಕ್ಷಿಯಮ್ಮ. ಆಕೆ ಎಲೆ ಅಡಿಕೆ ಜಗಿಯುತ್ತ ಸುಮ್ಮನೆ ಕೂತಳು. ವರ್ಷ ಕಳೆದರೂ ಬಾಯಿ ಬಿಡಲಿಲ್ಲ.

ಚಿಕ್ಕಪ್ಪನಿಗೆ ಒಂದು ಆಸೆಯಿತ್ತು. ಬಟ್ಟೆಯ ವ್ಯಾಪಾರಕ್ಕೆ ಬೊಂಬಾಯಿಗೆ ಹೋದಾಗಲೆಲ್ಲ ಅವನು ಅಲ್ಲಿನ ರೇವಿಗೆ ಹೋಗಿ ಗೋವಾಕ್ಕೆ ಹೊರಡುವ ಹಡಗನ್ನು ನೋಡಿ ಬರುತ್ತಿದ್ದ. ಕರಾವಳಿಯ ಹಳೆಯ ರೇವುಪಟ್ಟಣಗಳನ್ನೆಲ್ಲ ಮುಟ್ಟಿಕೊಂಡು ಹೋಗುತ್ತದಂತೆ, ಅಮ್ಮನನ್ನು ಒಮ್ಮೆ ಅದರಲ್ಲಿ ಕೂರಿಸಬೇಕು ಎನ್ನುತ್ತಿದ್ದ. ಎಂಬತ್ತಮೂರರ ಪೊಂಗಲ್ ಕಳೆದ ಮೇಲೆ ಚಿಕ್ಕಮ್ಮ ಆ ಮಾತನ್ನು ಎತ್ತಿದಳು. ಮನೆಯವರನ್ನೆಲ್ಲ ತಾನೇ ಕರೆದೊಯ್ಯುವುದಾಗಿ ಹೇಳಿದಳು. ದಂಡಪಾಣಿ ನಕ್ಕ. ಕಾಮಾಕ್ಷಿಯಮ್ಮ ನಗಲಿಲ್ಲ.

"ಎಲ್ಲಾರ್ನೂ ಕೂಟಿಕೊಂಡು ಹೋಗಿ ಶರಿಯಾ ತೋರ್ಸು ಚಂದ್ರಾ. ನಡುದಾರೀಲಿ ಯಾರಾದ್ರೂ ಬೇಡಾಂತ ತಿರುಗಿದ್ರೆ ತರಿ ಎಲ್ಲಾ ಅವನ ಷೆಡ್ಡಿಗೆ ಹೋಗ್ಲಿ. ಇಲ್ಲಾಂದ್ರೆ ನಿಂದೇ," ಎಂದಳು. ತಮಿಳು ಬೆರೆತ ನಮ್ಮ ಕನ್ನಡದಲ್ಲಿ ತರಿ ಎಂದರೆ ಮಗ್ಗ.

ಹೀಗೆ ನಾವು ರೈಲು ಹತ್ತಿದೆವು. ಕಾಮಾಕ್ಷಿಯಮ್ಮ, ಚಿಕ್ಕಮ್ಮ, ಮಲ್ಲಿಗಾ, ದಂಡಪಾಣಿ, ಅವನ ಹೆಂಡತಿ ಈಶ್ವರಿ, ಜೊತೆಗೆ ನಾನು. ಬೊಂಬಾಯಿಯ ರೇವಿನಲ್ಲಿ ಬೆಳಿಗ್ಗೆ ಬಿಸಿಲು ಏರುವ ಮೊದಲೇ ನಿಂತಿದ್ದೆವು. ನಮ್ಮದು ಮೇಲಟ್ಟದ ಟಿಕೆಟ್. ಅಂದರೆ ಕುರ್ಚಿಯಿಲ್ಲ, ಕೋಣೆಯಿಲ್ಲ, ನೆಲದಲ್ಲಿ ಹಿಡಿದಷ್ಟು ಜಾಗ ನಮ್ಮದು.

ಚಿಕ್ಕಮ್ಮ ಎಲ್ಲರಿಗಿಂತ ಮುಂದೆ ಓಡಿ ಛಾವಣಿಯ ಕೆಳಗೆ ಒಳ್ಳೆಯ ಜಾಗ ಕಂಡುಕೊಂಡಳು. ಚೀಲದಿಂದ ನೂಲಿನ ಉಂಡೆ ತೆಗೆದು, ಒಂದು ಕಂಬದಿಂದ ಇನ್ನೊಂದಕ್ಕೆ ಮೊಣಕಾಲೆತ್ತರಕ್ಕೆ ಎಳೆ ಸುತ್ತಿ ಚೌಕ ಮಾಡಿದಳು. ಆಮೇಲೆ ನಿಶ್ಚಿಂತೆಯಿಂದ ಅತ್ತೆಯನ್ನು ಹತ್ತಿಸಿಕೊಂಡು ಬರಲು ಕೆಳಗಿಳಿದಳು. ನೇಕಾರರ ಬೀದಿಯಲ್ಲಿ ಹಾಸು ಹೂಡಿ, ಎಂದರೆ ನೇಯ್ಗೆಯ ಉದ್ದೆಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿದ್ದರೆ, ಅದನ್ನು ಯಾರೂ ದಾಟುವುದಿಲ್ಲ. ಮದುವೆಯ ಮೆರವಣಿಗೆಯೂ ಬಗ್ಗಿ ಕೆಳಗಿನಿಂದ ಹೋಗುತ್ತದೆ. ಎಳೆ ಕಟ್ಟಿದ ಮೇಲೆ ಜಾಗ ಕಾಯಲು ಆಳು ಯಾಕೆ ಬೇಕು ಎಂದು ಅವಳಿಗೆ ಅನ್ನಿಸಿದ್ದು ಸಹಜವೇ.

ಮರಳಿ ಬಂದಾಗ ನೂಲು ನೆಲದಲ್ಲಿ ತುಳಿತಕ್ಕೆ ಸಿಕ್ಕಿ ಕಪ್ಪಾಗಿತ್ತು. ರೇವಿನ ಕೂಲಿಗಳು ಅಲ್ಲಿ ಬಾಡಿಗೆಯ ಹಾಸಿಗೆಗಳನ್ನು ಹಾಸಿ ಬೇರೆಯವರನ್ನು ಕೂರಿಸಿಬಿಟ್ಟಿದ್ದರು. ಅಂಗುಲ ಜಾಗ ಉಳಿದಿರಲಿಲ್ಲ. ಕಾಮಾಕ್ಷಿಯಮ್ಮ ಹೋಗಿ ಮೆಟ್ಟಿಲ ಪಕ್ಕದಲ್ಲಿ ಕೂತಳು. ಹತ್ತಿ ಇಳಿಯುವವರ ಕಾಲೆಲ್ಲ ಆಕೆಯ ಭುಜಕ್ಕೆ ತಾಗುತ್ತಿತ್ತು.

"ಏನತ್ತಿಗೇ, ಕಪ್ಪಲಿಗೂ ಹಾಸು ಹೂಡಿದ್ರಾ?" ಎಂದ ದಂಡಪಾಣಿ. ಕಪ್ಪಲೆಂದರೆ ಹಡಗು. ಹಡಗು ಹೊರಟಿತು. ಬಿಸಿಲು ಏರಿದಂತೆ ಅವನ ತಮಾಷೆ ಇಳಿಯಿತು. ಮಧ್ಯಾಹ್ನ ದಾಟಿದರೆ ರತ್ನಾಗಿರಿ ಬರುತ್ತದೆ, ಅಲ್ಲಿ ಇಳಿದು ಬಸ್ಸು ಹಿಡಿಯೋಣ, ಅಮ್ಮನ ಗತಿ ನೋಡಿ ಎಂದು ಶುರುಮಾಡಿದ. ಈಶ್ವರಿಯೂ ತಲೆ ಸುತ್ತುತ್ತದೆ ಎಂದಳು. ಚಿಕ್ಕಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಸಮುದ್ರ ನೋಡುತ್ತಿದ್ದಳು.

ಹಡಗಿನ ಹಿಂಭಾಗದಲ್ಲಿ ಛಾವಣಿಯಿಲ್ಲದ ಒಂದು ಜಾಗವಿತ್ತು. ಕಾದ ಕಬ್ಬಿಣಕ್ಕೆ ಹೆದರಿ ಅಲ್ಲಿ ಯಾರೂ ಕೂತಿರಲಿಲ್ಲ. ಚಿಕ್ಕಮ್ಮ ಹಾಸಿಗೆಯ ಗಂಟು ಬಿಚ್ಚಿದಳು. ಬಾಡಿಗೆಯ ಹಾಸಿಗೆಯಲ್ಲಿ ಮಲಗುವುದಿಲ್ಲವೆಂದು ಅತ್ತೆ ಹಟ ಹಿಡಿದಿದ್ದರಿಂದ ನಮ್ಮ ಮಗ್ಗದ ಉದ್ದನೆಯ ತಾನೊಂದನ್ನು ಮಡಿಸಿ ತಂದಿದ್ದೆವು. ಇನ್ನೂ ಬಿಳುಪು ಮಾಡದ, ಗಂಜಿಯ ವಾಸನೆಯ ಬಟ್ಟೆ. ಅದರ ಒಂದು ತುದಿಯನ್ನು ಕಟಕಟೆಗೆ ಬಿಗಿದು, ಇನ್ನೊಂದು ತುದಿ ಹಿಡಿದು ಅವಳು ಎದುರಿನ ಕಂಬದತ್ತ ನಡೆದಳು. ಗಾಳಿ ಬಟ್ಟೆಯ ಹೊಟ್ಟೆ ಉಬ್ಬಿಸಿ ಅವಳನ್ನು ಎಳೆದಾಡಿತು. ಮಲ್ಲಿಗಾ, ನಾನು ಓಡಿ ನಡುವೆ ಹಿಡಿದೆವು. ಸಾಲಲಿಲ್ಲ. ಒಂದು ಮೂಲೆ ಅವಳ ಕೈಯಿಂದ ಕಿತ್ತುಕೊಂಡು ಹಾರಾಡಿತು.

ಆಗ ದಂಡಪಾಣಿ ಎದ್ದ. ನಮ್ಮ ಬೀದಿಯಲ್ಲಿ ಒಬ್ಬರು ಹಾಸಿನ ತುದಿ ಹಿಡಿದು ನಿಂತರೆ ಇನ್ನೊಂದು ತುದಿಯನ್ನು ದಾರಿಯಲ್ಲಿ ಹೋಗುವವರು ಹಿಡಿಯಬೇಕು. ಮಾತು ಬಿಟ್ಟ ಮನೆಯವರಾದರೂ ಹಿಡಿಯುತ್ತಾರೆ. ಅವನ ಕಾಲುಗಳು ಅವನನ್ನು ಕೇಳದೆಯೇ ನಡೆದವು ಎಂದು ಕಾಣುತ್ತದೆ. ಹಾರುವ ಮೂಲೆಯನ್ನು ಹಿಡಿದು, ಹಿಮ್ಮಡಿ ಊರಿ, ಹಿಂದಕ್ಕೆ ಬಾಗಿ ಎಳೆದ. ಚಿಕ್ಕಮ್ಮ "ಇನ್ನೂ ಸ್ವಲ್ಪ, ತಂಬಿ" ಎಂದಳು. ಅವನು ಇನ್ನೂ ಸ್ವಲ್ಪ ಎಳೆದ. ಬಟ್ಟೆ ಮಗ್ಗದ ಮೇಲಿದ್ದಂತೆ ಬಿಗಿಯಾಗಿ ನಿಂತಿತು.

ಒಬ್ಬ ಖಲಾಸಿ ಬಂದು ಗದರಿದ. ಗಂಟುಗಳನ್ನು ಜಗ್ಗಿ ನೋಡಿದ ಮೇಲೆ ದನಿ ತಗ್ಗಿಸಿದ. ಗಾಳಿ ಹಾದುಹೋಗಲು ಸಮುದ್ರದ ಕಡೆಯ ಅಂಚನ್ನು ಕೊಂಚ ಸಡಿಲ ಬಿಡಬೇಕೆಂದು ಕೈಸನ್ನೆಯಲ್ಲಿ ತೋರಿಸಿದ. ಚಿಕ್ಕಮ್ಮ ಹಾಗೆಯೇ ಮಾಡಿದಳು. ಬಟ್ಟೆ ಬಡಿದುಕೊಳ್ಳುವುದು ನಿಂತಿತು.

ಮೊದಲು ಕಾಮಾಕ್ಷಿಯಮ್ಮ ಬಂದು ನಡುವೆ ಕೂತಳು. ಆಮೇಲೆ ಕೂಸು ಎತ್ತಿಕೊಂಡಿದ್ದ ಮಾಲ್ವಣದ ಹೆಂಗಸೊಬ್ಬಳು, ಅವಳ ಹಿಂದೆ ಮೀನುಗಾರರ ಮುದುಕ, ಕೊನೆಗೆ ನಮ್ಮ ಎಳೆಯನ್ನು ತುಳಿದವರ ಪೈಕಿ ಕೆಲವರು. ಚಿಕ್ಕಮ್ಮ ಯಾರನ್ನೂ ತಡೆಯಲಿಲ್ಲ. ಅತ್ತೆ ಮೇಲಿನ ಬಟ್ಟೆ ತೋರಿಸಿ, ಎದೆ ಮುಟ್ಟಿಕೊಂಡು, ಇದು ನಮ್ಮ ಮನೆಯದೆಂದು ಭಾಷೆ ಬಾರದವರಿಗೆಲ್ಲ ತಿಳಿಸುತ್ತಿದ್ದಳು. ಬಿಸಿಲು ನೇಯ್ಗೆಯೊಳಗಿಂದ ಸೋಸಿಕೊಂಡು ಎಲ್ಲರ ಮುಖದ ಮೇಲೆ ತೆಳ್ಳಗೆ ಬಿದ್ದಿತ್ತು.

ರತ್ನಾಗಿರಿ ಬಂತು. ಬೆಟ್ಟದ ಮೂಗಿನ ಮೇಲೆ ಕೋಟೆ, ಕೆಳಗೆ ನಮ್ಮತ್ತ ತೇಲಿ ಬರುವ ದೋಣಿಗಳು. ಇಳಿಯುವವರು ಗಂಟು ಹೊತ್ತು ಏಣಿಯ ಬಳಿ ನೆರೆದರು. ಕಾಮಾಕ್ಷಿಯಮ್ಮ ಮಗನ ಕಡೆ ತಿರುಗಿದಳು.

"ಏನ್ ದಂಡಪಾಣಿ, ನೀ ಇಳಿಯೋ ಊರು ಬಂತಲ್ಲ?"

ಅವನು ಕಂಬದ ಗಂಟನ್ನು ಬಿಗಿಮಾಡುತ್ತಲೇ ಇದ್ದ. "ನಾ ಇಳಿದ್ರೆ ಈ ಮೂಲೆ ಯಾರಮ್ಮಾ ನೋಡ್ಕೊಳ್ಳೋದು?" ಎಂದ. ಈಶ್ವರಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಸಂಜೆಗೆ ವಿಜಯದುರ್ಗದ ಗೋಡೆಗಳು ನೀರಿನಿಂದಲೇ ಎದ್ದುಬಂದವು. ಹಳೆಯ ಕಾಲದಲ್ಲಿ ಈ ರೇವುಗಳಿಂದ ಬಟ್ಟೆ ಹೊರದೇಶಕ್ಕೆ ಹೋಗುತ್ತಿತ್ತೆಂದು ಪಾಠದಲ್ಲಿ ಓದಿದ್ದನ್ನು ಮಲ್ಲಿಗಾ ಅಜ್ಜಿಗೆ ಹೇಳಿದಳು. ಹಾಗಾದರೆ ಕಡಲಿಗೆ ನಾವು ಹೊಸಬರಲ್ಲ ಬಿಡು ಎಂದು ಅಜ್ಜಿ ಕಾಲು ಚಾಚಿಕೊಂಡಳು.

ಮರುದಿನ ಬೆಳಿಗ್ಗೆ ಪಣಜಿಯಲ್ಲಿ ಇಳಿದೆವು. ನಮ್ಮ ಕನ್ನಡ ಕೇಳಿ ಕಾರವಾರದ ಕಡೆಯ ಒಬ್ಬ ವ್ಯಾನಿನವನು ಹತ್ತಿರ ಬಂದ. "ಯಜಮಾನ್ರೇ, ಹಳೇ ಗೋವಾ ನೋಡ್ತೀರೇನು?" ಎಂದು ದಂಡಪಾಣಿಯನ್ನು ಕೇಳಿದ.

"ಅತ್ತಿಗೆ ಹತ್ರ ಕೇಳಪ್ಪಾ," ಎಂದು ದಂಡಪಾಣಿ ಗಂಟುಗಳನ್ನು ವ್ಯಾನಿಗೆ ಏರಿಸತೊಡಗಿದ.

ಹಳೆಯ ಗೋವಾದಲ್ಲಿ ನದಿಯ ದಂಡೆಗೆ ಒಂದು ಕಲ್ಲಿನ ಕಮಾನಿದೆ. ಆಳಲು ಬಂದ ಪ್ರತಿ ಹೊಸ ಅಧಿಕಾರಿ ಹಡಗಿನಿಂದಿಳಿದು ಮೊದಲು ಇದರೊಳಗೇ ನಡೆದು ಊರಿಗೆ ಹೋಗುತ್ತಿದ್ದನೆಂದು ವ್ಯಾನಿನವನು ಹೇಳಿದ. ಕಾಮಾಕ್ಷಿಯಮ್ಮ ತಲೆಯೆತ್ತಿ ಆ ಕಮಾನನ್ನು ಬಹಳ ಹೊತ್ತು ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದು ಬಂದಳು. ಎಲ್ಲರೂ ನಿಂತಿರುವಾಗ ಸೊಸೆಯ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ತರಿ ಇದ್ದಲ್ಲೇ ಇರ್ಲಿ. ನೀ ಮುಂದೆ ನಡಿ ಚಂದ್ರಾ."

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕಮಾನಿನ ನೆರಳೊಳಗೆ ಕಾಲಿಟ್ಟಳು. ತಿರುಗಿ ನೋಡಲಿಲ್ಲ. ನಾವೆಲ್ಲ ಅವಳ ಹಿಂದೆ ನಡೆದೆವು.